ಹಿಪ್ಪಿಯೆಂಬ ಬಿರುದು

ಕಳೆದ ವರ್ಷ ನಮ್ಮ ವಸತಿ ಸೊಸೈಟಿಯ ವಾರ್ಷಿಕ ಮಹಾಸಭೆಯ ಮುಂದೆ ಎರಡು ನಿರ್ಣಯಗಳಿದ್ದವು. ಕಟ್ಟಡದ ಹಿಂಬದಿಯಲ್ಲಿ ಹೇಗೋ ಉಳಿದುಕೊಂಡಿದ್ದ ಒಂದಿಷ್ಟು ಬರಿಮಣ್ಣಿನ ನೆಲಕ್ಕೂ ಪೇವರ್ ಬ್ಲಾಕ್ ಹಾಸಿ ಇನ್ನು ನಾಲ್ಕು ಕಾರುಗಳಿಗೆ ಎಡೆ ಮಾಡಿಕೊಡುವುದು ಒಂದು. ಅಲ್ಲಿಯೇ ಮೂಲೆಯಲ್ಲಿ ನಾವು ಕೆಲವು ಮನೆಯವರು ಅಡುಗೆಮನೆಯ ಕಸವನ್ನು ಕೊಳೆಸಿ ಗೊಬ್ಬರ ಮಾಡುವ ಗುಂಡಿಯನ್ನು ಮುಚ್ಚಿಸುವುದು ಇನ್ನೊಂದು. ಎರಡನ್ನೂ ವಿರೋಧಿಸಿ ನಾನು ಮಾತನಾಡಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ನೆನಪಿಸಿದೆ. ಅಂಥ ಮಳೆಯನ್ನು ಒಂದು ತುಂಡು ನೆಲ ಕುಡಿಯಲಾರದು ನಿಜ. ಆದರೆ ಇಂಥ ಸಾವಿರಾರು ತುಂಡುಗಳಿಗೆ ಕಲ್ಲು ಹೊದಿಸಿದ ನಗರದಲ್ಲಿ ನೀರಿಗೆ ನಮ್ಮ ಮೆಟ್ಟಿಲಲ್ಲದೆ ಬೇರೆ ದಾರಿ ಎಲ್ಲಿ ಎಂದು ಕೇಳಿದೆ. 1927ರಿಂದ ಮುಂಬಯಿಯ ಕಸವನ್ನು ಹೊತ್ತ ದೇವನಾರ್‌ನ ಗುಡ್ಡ 2016ರ ಜನವರಿಯಲ್ಲಿ ದಿನಗಟ್ಟಲೆ ಹೊತ್ತಿ ಉರಿದು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಗಿ ಬಂದದ್ದನ್ನೂ ಹೇಳಿದೆ.

ಆಗ ಹಿಂದಿನ ಸಾಲಿನಿಂದ ಒಬ್ಬರು, "ಅವರನ್ನು ಬಿಡಿ, ಅವರು ಹಿಪ್ಪಿ ಆಗಿಬಿಟ್ಟಿದ್ದಾರೆ" ಎಂದು ಹಿಂದಿಯಲ್ಲಿ ಅಂದರು. ಸಭೆ ನಕ್ಕಿತು. ನನ್ನ ಮಾತು ಅಲ್ಲಿಗೆ ಮುಗಿಯಿತು. ಮಳೆಯ ಲೆಕ್ಕಕ್ಕಾಗಲಿ ಕಸದ ಲೆಕ್ಕಕ್ಕಾಗಲಿ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಆ ಒಂದು ಪದವೇ ಎಲ್ಲಕ್ಕೂ ಉತ್ತರವಾಗಿತ್ತು. ಗುಂಡಿಯಿರುವ ಮೂಲೆಯನ್ನು ಬಿಟ್ಟು ಉಳಿದ ನೆಲಕ್ಕೆ ಕಲ್ಲು ಹಾಸುವ ನಿರ್ಣಯ ದೊಡ್ಡ ಬಹುಮತದಿಂದ ಅಂಗೀಕಾರವಾಯಿತು. ಗುಂಡಿಯ ಹಣೆಬರಹವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಆ ಸಭೆ ಹತ್ತಿರ ಬರುತ್ತಿದೆ. ಅದಕ್ಕೆ ಮೊದಲು, ನನ್ನ ಬಾಯಿ ಮುಚ್ಚಿಸಿದ ಆ ಪದದ ಬಗ್ಗೆ ನಾನು ಯೋಚಿಸಿದ್ದನ್ನು ಹೊರನಾಡಿನ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಆ ಪದ ನನ್ನನ್ನು ಚುಚ್ಚಿತೆಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ತಲೆಮಾರಿನವರಿಗೆ 'ಹಿಪ್ಪಿ' ಎಂಬುದು ಬೈಗುಳವಾಗಿಯೇ ಪರಿಚಯ. ಕಿವಿಯ ಮೇಲೆ ಕೂದಲು ಇಳಿಬಿಟ್ಟ ಹುಡುಗನಿಗೆ 'ಇದೇನೋ ಹಿಪ್ಪಿ ಕಟಿಂಗು' ಎಂಬ ಗದರಿಕೆ ಕನ್ನಡನಾಡಿನ ಯಾವ ಮನೆಯಲ್ಲಿ ಕೇಳಿಬಂದಿರಲಿಲ್ಲ? 1971ರಲ್ಲಿ ದೇವಾನಂದರ 'ಹರೇ ರಾಮ ಹರೇ ಕೃಷ್ಣ' ಚಿತ್ರ ಬಂದ ಮೇಲಂತೂ ಹಿಪ್ಪಿಯೆಂದರೆ ಗಾಂಜಾದ ಹೊಗೆಯಲ್ಲಿ ಕಳೆದುಹೋದವರು, ಮನೆಮಠ ಬಿಟ್ಟವರು ಎಂಬ ಚಿತ್ರ ದೇಶದ ಕಣ್ಣಿನಲ್ಲಿ ಅಚ್ಚೊತ್ತಿತು. 1974ರಲ್ಲಿ ನಾನು ದಕ್ಷಿಣ ಕನ್ನಡದಿಂದ ಬೊಂಬಾಯಿಗೆ ಬಂದಾಗ ಕೊಲಾಬಾದ ಕಾಲುದಾರಿಗಳಲ್ಲಿ, ಗೋವೆಗೆ ಹೋಗುವ ಹಡಗಿನ ಕಟ್ಟೆಯಲ್ಲಿ ಅವರನ್ನು ಕಂಡಿದ್ದೇನೆ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದುತ್ತಿದ್ದ ನನಗೆ, ತಂದೆಯ ಐಶ್ವರ್ಯವನ್ನು ಬಿಟ್ಟು ಬರಿಗಾಲಲ್ಲಿ ತಿರುಗುವ ಆ ಬಿಳಿಯ ಹುಡುಗರು ವಿಚಿತ್ರವಾಗಿ ಕಂಡರು. ಯಾವುದನ್ನು ಪಡೆಯಲೆಂದು ನಾವು ಊರು ಬಿಟ್ಟು ಬಂದಿದ್ದೆವೋ ಅದನ್ನೇ ಬೇಡವೆಂದು ಅವರು ಊರು ಬಿಟ್ಟು ಬಂದಿದ್ದರು.

ಬಹಳ ವರ್ಷಗಳ ಮೇಲೆ ಅವರ ಬಗ್ಗೆ ಓದತೊಡಗಿದಾಗ ನನಗೆ ತಿಳಿದ ಮೊದಲ ಸಂಗತಿಯೆಂದರೆ, ಈ ಹೆಸರು ಅವರು ತಾವೇ ಇಟ್ಟುಕೊಂಡದ್ದಲ್ಲ ಎಂಬುದು. ಬೀದಿಮಾತಿನ 'ಹಿಪ್' ಎಂಬ ಪದಕ್ಕೆ ಬಾಲ ಕಟ್ಟಿ ಅದನ್ನು ಪ್ರಚಾರಕ್ಕೆ ತಂದವು 1960ರ ದಶಕದ ನಡುವಿನ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗಳು. ಆ ನಗರದ ಹೇಟ್-ಆಶ್‌ಬರಿ ಬಡಾವಣೆಯಲ್ಲಿ 'ಡಿಗ್ಗರ್ಸ್' ಎಂಬ ಗುಂಪೊಂದಿತ್ತು. 1649ರಲ್ಲಿ ಇಂಗ್ಲೆಂಡಿನ ಸೇಂಟ್ ಜಾರ್ಜ್ ಗುಡ್ಡದ ಸಾರ್ವಜನಿಕ ಭೂಮಿಯನ್ನು ಗೆರಾರ್ಡ್ ವಿನ್‌ಸ್ಟ್ಯಾನ್ಲಿಯ ನೇತೃತ್ವದಲ್ಲಿ ಅಗೆದು, ಭೂಮಿ ಎಲ್ಲರ ಸೊತ್ತೆಂದು ಸಾರಿದ ಬಡಜನರಿಂದ ಅವರು ಆ ಹೆಸರನ್ನು ಪಡೆದಿದ್ದರು. ಈ ಹೊಸ ಡಿಗ್ಗರರು ಉದ್ಯಾನದಲ್ಲಿ ಹಸಿದವರಿಗೆಲ್ಲ ಬಿಟ್ಟಿ ಊಟ ಬಡಿಸಿದರು; ಯಾವ ವಸ್ತುವಿಗೂ ಬೆಲೆಯಿಲ್ಲದ, ಬೇಕಾದವರು ಬೇಕಾದ್ದನ್ನು ಒಯ್ಯಬಹುದಾದ ಅಂಗಡಿ ನಡೆಸಿದರು. 1967ರ ಬೇಸಿಗೆಯಲ್ಲಿ ಪತ್ರಿಕೆಗಳ ಬಣ್ಣದ ವರ್ಣನೆ ಓದಿ ಹತ್ತಾರು ಸಾವಿರ ಯುವಜನರು ಅಲ್ಲಿಗೆ ನುಗ್ಗಿದರು. ಅವರ ಬೆನ್ನಿಗೆ ಹೂಮಾಲೆ, ಗಂಟೆ, ಮಣಿಸರಗಳ ವ್ಯಾಪಾರಿಗಳೂ ಬಂದರು. ಅದೇ ಅಕ್ಟೋಬರ್ 6ರಂದು ಡಿಗ್ಗರರು ಶವಪೆಟ್ಟಿಗೆಯೊಂದನ್ನು ಹೊತ್ತು 'ಹಿಪ್ಪಿ'ಯ ಅಣಕು ಶವಯಾತ್ರೆ ಮಾಡಿದರು. ಪತ್ರಿಕೆಗಳು ಹುಟ್ಟಿಸಿದ ಹಿಪ್ಪಿ ಸತ್ತನೆಂದು ಸಾರುವುದು ಅವರ ಉದ್ದೇಶವಾಗಿತ್ತು.

ಇಷ್ಟಾದರೂ ಕೆಲವರು ಆ ಹೆಸರನ್ನು ಹೂಳಲು ಒಪ್ಪಲಿಲ್ಲ. ಅವರಲ್ಲಿ ಸ್ಟೀಫನ್ ಗ್ಯಾಸ್ಕಿನ್ ಒಬ್ಬ. ಹಿಂದೆ ಅಮೆರಿಕದ ಮರೀನ್ ಪಡೆಯಲ್ಲಿದ್ದು, ಅನಂತರ ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈತ, 1970ರ ಕೊನೆಯಲ್ಲಿ ಸುಮಾರು ಮುನ್ನೂರು ಜನರೊಂದಿಗೆ ಹಳೆಯ ಶಾಲಾ ಬಸ್ಸುಗಳ ಸಾಲು ಕಟ್ಟಿಕೊಂಡು ದೇಶ ಸುತ್ತಿ, 1971ರಲ್ಲಿ ಟೆನೆಸ್ಸಿ ರಾಜ್ಯದ ಸಮ್ಮರ್‌ಟೌನ್ ಬಳಿ ಸುಮಾರು ಸಾವಿರ ಎಕರೆ ಕಾಡುನೆಲ ಕೊಂಡು ನೆಲೆಯೂರಿದ. ಆ ಊರಿಗೆ ಅವರು ಇಟ್ಟ ಹೆಸರು ಬರಿಯ 'ದಿ ಫಾರ್ಮ್'. ನೇಗಿಲು ಮುಟ್ಟಿ ಗೊತ್ತಿಲ್ಲದ ನಗರದ ಮಕ್ಕಳು ನೆರೆಯ ರೈತರಿಂದ ಬೇಸಾಯ ಕಲಿತರು. ಸಂಪಾದನೆಯೆಲ್ಲ ಸಾಮೂಹಿಕ ಬೊಕ್ಕಸಕ್ಕೆ. ಊಟ ಸಂಪೂರ್ಣ ಸಸ್ಯಾಹಾರ. ಹಾಲಿನ ಬದಲು ಸೋಯಾ. ಐನಾ ಮೇ ಗ್ಯಾಸ್ಕಿನ್ ಮತ್ತು ಇತರ ಹೆಂಗಸರು ಸೂಲಗಿತ್ತಿಯ ವಿದ್ಯೆ ಕಲಿತು, ಅಮೆರಿಕದಲ್ಲಿ ಅಳಿದುಹೋಗುತ್ತಿದ್ದ ಮನೆಹೆರಿಗೆಗೆ ಮತ್ತೆ ಮಾನ ತಂದರು. ಈ ಜನರು ಕಟ್ಟಿದ 'ಪ್ಲೆಂಟಿ' ಎಂಬ ಸೇವಾಸಂಸ್ಥೆ 1976ರ ಭೂಕಂಪದ ಅನಂತರ ಗ್ವಾಟೆಮಾಲಾದಲ್ಲಿ ಮನೆಗಳನ್ನು ಕಟ್ಟಿಕೊಟ್ಟಿತು. ನ್ಯೂಯಾರ್ಕಿನ ಬಡಕೇರಿಯಾದ ಸೌತ್ ಬ್ರಾಂಕ್ಸ್‌ನಲ್ಲಿ ಉಚಿತ ಆಂಬುಲೆನ್ಸ್ ಓಡಿಸಿತು. 1980ರಲ್ಲಿ, 'ಪರ್ಯಾಯ ನೊಬೆಲ್' ಎನಿಸಿಕೊಂಡ ರೈಟ್ ಲೈವ್ಲಿಹುಡ್ ಪ್ರಶಸ್ತಿ ಮೊದಲ ಬಾರಿಗೆ ಘೋಷಣೆಯಾದಾಗ ಅದನ್ನು ಪಡೆದವರಲ್ಲಿ ಇವರೂ ಇದ್ದರು; 2011ರಲ್ಲಿ ಐನಾ ಮೇಗೆ ಅದೇ ಪ್ರಶಸ್ತಿ ಬಂತು. ಗ್ಯಾಸ್ಕಿನ್ 2014ರಲ್ಲಿ ತೀರಿಕೊಳ್ಳುವವರೆಗೂ ತನ್ನನ್ನು ಹಿಪ್ಪಿಯೆಂದೇ ಕರೆದುಕೊಂಡ. ಗಾಂಜಾ ಬೆಳೆದ ಪ್ರಕರಣದಲ್ಲಿ ಈತ ಜೈಲಿಗೆ ಹೋದದ್ದೂ ನಿಜ. ಅದನ್ನು ಮರೆಮಾಚಿ ಇದನ್ನಷ್ಟೇ ಹೇಳಿದರೆ ಅಪ್ರಾಮಾಣಿಕತೆಯಾದೀತು. ಇದನ್ನು ಮರೆತು ಅದನ್ನಷ್ಟೇ ಹೇಳುವುದೂ ಅಷ್ಟೇ ಅಪ್ರಾಮಾಣಿಕ. ನಾವು ಐವತ್ತು ವರ್ಷ ಎರಡನೆಯದನ್ನೇ ಮಾಡುತ್ತ ಬಂದಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಂಘದ ಗೆಳೆಯರೊಬ್ಬರು ನನ್ನೊಡನೆ ವಾದಿಸಿದ್ದೂ ಇದನ್ನೇ: "ಸರಳ ಬದುಕನ್ನು ನಾವು ಅಮೆರಿಕದ ಉಡಾಳರಿಂದ ಕಲಿಯಬೇಕೆ? ಬಾಳೆಲೆಯಲ್ಲಿ ಉಂಡು, ಹಳೆಯ ಸೀರೆಯಲ್ಲಿ ಕೌದಿ ಹೊಲಿದು, ಪಾತ್ರೆಯನ್ನು ಬೂದಿಯಲ್ಲಿ ಬೆಳಗಿದ ನಮ್ಮ ಅಜ್ಜಿಯರು ಯಾವ ಹಿಪ್ಪಿಗಳಾಗಿದ್ದರು?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಚಾರಗಳ ಸಂಚಾರವನ್ನು ನೋಡಿದರೆ ಆ ಅರ್ಧವನ್ನು ಇನ್ನಷ್ಟು ಗಟ್ಟಿಮಾಡಬಹುದು. ಪಶ್ಚಿಮದ ಪ್ರತಿಸಂಸ್ಕೃತಿಯ ತರುಣರು ಕೈಯಲ್ಲಿ ಹಿಡಿದು ತಿರುಗಿದ ಇ. ಎಫ್. ಶುಮಾಕರರ 'ಸ್ಮಾಲ್ ಈಸ್ ಬ್ಯೂಟಿಫುಲ್' ಬಂದದ್ದು 1973ರಲ್ಲಿ. ಅದರ ಬೌದ್ಧ ಅರ್ಥಶಾಸ್ತ್ರದ ಅಧ್ಯಾಯದಲ್ಲಿ ಶುಮಾಕರ್ ನಮ್ಮ ಜೆ. ಸಿ. ಕುಮಾರಪ್ಪನವರ ಮಾತನ್ನು ಆಧಾರವಾಗಿ ತರುತ್ತಾರೆ. ಗಾಂಧೀಜಿಯ ಜೊತೆಗಾರರಾದ ಕುಮಾರಪ್ಪ ಸೆರೆಮನೆಯಲ್ಲಿ ಕುಳಿತು ಬರೆದ 'ಎಕಾನಮಿ ಆಫ್ ಪರ್ಮನೆನ್ಸ್' 1945ರಷ್ಟು ಹಿಂದಿನದು. ಇಂದು ನಾವು 'ಸುಸ್ಥಿರ' ಎಂದು ಹೊಸದಾಗಿ ಕರೆಯುವುದನ್ನು ಅವರು ಆಗಲೇ ಶಾಶ್ವತತೆಯ ಅರ್ಥವ್ಯವಸ್ಥೆ ಎಂದು ಕರೆದಿದ್ದರು.

ಆದರೆ ಸಂಚಾರ ಒಮ್ಮುಖವಲ್ಲ. ಜಪಾನಿನ ಮಸನೊಬು ಫುಕುವೋಕ 1938ರಲ್ಲಿ ಸಸ್ಯರೋಗ ತಜ್ಞನ ಸರಕಾರಿ ನೌಕರಿ ಬಿಟ್ಟು ಹಳ್ಳಿಗೆ ಮರಳಿ, ಉಳದೆ, ರಾಸಾಯನಿಕ ಸುರಿಯದೆ ಬೆಳೆ ತೆಗೆದವರು. ಅವರ ಅನುಭವ ಗ್ರಂಥ 1975ರಲ್ಲಿ ಜಪಾನಿ ಭಾಷೆಯಲ್ಲಿ ಬಂತು. ಅದು 1978ರಲ್ಲಿ ಇಂಗ್ಲಿಷಿಗೆ ಬರಲು ಮುಖ್ಯ ಕಾರಣನಾದವನು, ಅವರ ತೋಟದಲ್ಲಿ ಇದ್ದು ದುಡಿದ ಲ್ಯಾರಿ ಕಾರ್ನ್ ಎಂಬ ಅಮೆರಿಕನ್ ತರುಣ. ಪ್ರತಿಸಂಸ್ಕೃತಿಯ ಗಾಳಿ ಬೀಸದೆ ಇದ್ದಿದ್ದರೆ ಕ್ಯಾಲಿಫೋರ್ನಿಯದ ಹುಡುಗನೊಬ್ಬ ಜಪಾನಿನ ಗುಡ್ಡದ ಮೇಲೆ ಭತ್ತ ಕುಯ್ಯಲು ಹೋಗುತ್ತಿರಲಿಲ್ಲವೆಂಬುದು ನನ್ನ ನಂಬಿಕೆ. ಆ 'ಒಂದು ಹುಲ್ಲಿನ ಕ್ರಾಂತಿ' ಇಂಡಿಯಾದ ರೈತರನ್ನು ತಲುಪಿತು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ'ಯನ್ನು ಬರೆದು ಅದನ್ನು ಕನ್ನಡದ ಮಾತಾಗಿಸಿದರು. ಸೇವಾಗ್ರಾಮದಿಂದ ಲಂಡನ್ನಿಗೆ, ಜಪಾನಿನಿಂದ ಕ್ಯಾಲಿಫೋರ್ನಿಯಕ್ಕೆ, ಅಲ್ಲಿಂದ ಮೂಡಿಗೆರೆಗೆ. ಇದರಲ್ಲಿ ಯಾವುದು ನಮ್ಮದು, ಯಾವುದು ಪರರದು ಎಂದು ಗೆರೆ ಎಳೆಯುವುದು ವ್ಯರ್ಥ ಸಾಹಸ.

ಇನ್ನು ಗೆಳೆಯರ ವಾದದ ಉಳಿದರ್ಧ. ನಮ್ಮ ಅಜ್ಜಿಯರು ಮಿತವಾಗಿ ಬದುಕಿದರು, ಸರಿ. ಆದರೆ ಅವರಿಗೆ ಬೇರೆ ಆಯ್ಕೆ ಇತ್ತೇ? ಆ ಮಿತವ್ಯಯದ ಭಾರವೆಲ್ಲ ಹೆಂಗಸರ ಬೆನ್ನಿನ ಮೇಲಿತ್ತು. ಊರಿನ ಹೊಲಸನ್ನು ಹೊರುವ ಕೆಲಸವನ್ನು ಕೆಲವು ಜಾತಿಗಳ ಹಣೆಗೆ ಕಟ್ಟಿ ಉಳಿದವರು 'ಶುಚಿ'ಯಾಗಿದ್ದರು. ಇಂದಿಗೂ ಪರಂಪರೆಯ ಹೆಸರೆತ್ತಿದರೆ ಸಭೆ ಚಪ್ಪಾಳೆ ತಟ್ಟುತ್ತದೆ, ಆಮೇಲೆ ತನ್ನ ಪ್ಲಾಸ್ಟಿಕ್ ತಟ್ಟೆಯನ್ನು ಯಾರೋ ಎತ್ತಲೆಂದು ಅಲ್ಲೇ ಬಿಟ್ಟು ಹೋಗುತ್ತದೆ. ಪರಂಪರೆಯೆಂಬ ಪದ ಯಾರಿಂದಲೂ ಏನನ್ನೂ ಬೇಡುವುದಿಲ್ಲ. 'ಹಿಪ್ಪಿ' ಎಂಬುದು ಹಾಗಲ್ಲ. ಅದಕ್ಕೆ ಜಾತಿಯಿಲ್ಲ, ವಂಶಾವಳಿಯಿಲ್ಲ. ಇದ್ದದ್ದನ್ನು ತಿಳಿದೂ ತಿಳಿದೂ ಬಿಟ್ಟವನೆಂಬುದೊಂದೇ ಅದರ ಅರ್ಥ. ಬಡವ ನಡೆದು ಹೋದರೆ ಅದು ಬಡತನ. ಉಳ್ಳವ ಬೆಳಿಗ್ಗೆ ನಡೆದರೆ ಅದು ವ್ಯಾಯಾಮ. ಕಾರು ಕೊಳ್ಳಬಲ್ಲವನು ಬೇಡವೆಂದು ನಡೆದರೆ ಮಾತ್ರ ಅವನು ಹಿಪ್ಪಿ. ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಮುಂಬಯಿಯ ಡಬ್ಬಾವಾಲಾಗಳು ಅದೇ ಲೋಹದ ಡಬ್ಬಿಗಳನ್ನು ಸೈಕಲ್ಲಿನಲ್ಲಿ, ಲೋಕಲ್ ಗಾಡಿಯಲ್ಲಿ ದಿನವೂ ಒಯ್ದು ದಿನವೂ ಮರಳಿಸುತ್ತಾರೆ. ಒಂದು ಪೊಟ್ಟಣವೂ ಕಸವಾಗುವುದಿಲ್ಲ. ಅವರನ್ನು ಯಾರೂ ಹಿಪ್ಪಿಗಳೆನ್ನುವುದಿಲ್ಲ. ನಗರಕ್ಕೆ ಕಸಿವಿಸಿಯಾಗುವುದು ಬಡವನ ಮಿತವ್ಯಯದಿಂದಲ್ಲ, ಉಳ್ಳವನ ನಿರಾಕರಣೆಯಿಂದ.

ಹಾಗೆಂದು ಹಿಪ್ಪಿಗಳ ತಪ್ಪುಗಳನ್ನು ನಾನು ಹೊರಲಾರೆ. ಮಾದಕ ವಸ್ತುವಿನಲ್ಲಿ ಮುಕ್ತಿಯನ್ನು ಕಂಡದ್ದು ದೊಡ್ಡ ಭ್ರಮೆ. ಎಷ್ಟೋ ಎಳೆಯ ಜೀವಗಳನ್ನು ಅದು ನುಂಗಿತು. ಗೋವೆಯ ಅಂಜುಣೆಯಲ್ಲಿ, ನಮ್ಮ ಗೋಕರ್ಣದಲ್ಲಿ ಸ್ಥಳೀಯರ ಭಾವನೆಯನ್ನು ಲೆಕ್ಕಿಸದೆ, ಅವರ ಬಡತನವನ್ನೇ ತಮ್ಮ ಅಗ್ಗದ ಸುಖಕ್ಕೆ ಆಸರೆ ಮಾಡಿಕೊಂಡವರೂ ಇದ್ದರು. ಟೆನೆಸ್ಸಿಯ ಆ ಫಾರ್ಮ್ ಕೂಡ ಸಾಲದಲ್ಲಿ ಮುಳುಗಿ 1983ರಲ್ಲಿ ಸಾಮೂಹಿಕ ಬೊಕ್ಕಸದ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಬಹುಪಾಲು ಜನ ಊರು ಬಿಟ್ಟರು. ಉಳಿದವರು ತಲೆಗಿಷ್ಟು ಎಂದು ವಂತಿಗೆ ಹಾಕಿಕೊಂಡು ಸಾಲ ತೀರಿಸಿದರು, ಭೂಮಿಯನ್ನು ಮಾರಲಿಲ್ಲ. 1994ರಲ್ಲಿ ಅಲ್ಲಿ ಪರಿಸರಗ್ರಾಮದ ತರಬೇತಿ ಕೇಂದ್ರ ಆರಂಭವಾಯಿತು. ಸೋತು, ಲೆಕ್ಕ ಒಪ್ಪಿಸಿ, ಮತ್ತೆ ಮುಂದುವರಿದವರೆಂಬ ಕಾರಣಕ್ಕೇ ನನಗೆ ಅವರ ಮೇಲೆ ವಿಶ್ವಾಸ.

ಇನ್ನೊಂದು ತಪ್ಪಿನ ಬಗ್ಗೆ ನನಗೆ ಪಾಠ ಹೇಳಿದವಳು ನನ್ನ ಹೆಂಡತಿ. ಅಂದಿನ ಹಲವು ಸಮುದಾಯಗಳಲ್ಲಿ ಗಂಡಸರು ಕ್ರಾಂತಿ ಮಾತಾಡುತ್ತಿದ್ದಾಗ ಹೆಂಗಸರು ಪಾತ್ರೆ ತೊಳೆಯುತ್ತಿದ್ದರೆಂದು ನಾನು ಓದಿ ಹೇಳಿದಾಗ ಅವಳು ನಕ್ಕು, "ಅದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು ಮಾರಾಯ್ರೆ? ಹಿಪ್ಪಿ ಅಂತ ಹೆಸರು ನಿಮ್ಮದು, ಕಸ ವಿಂಗಡಿಸುವ ಕೈ ನನ್ನದು" ಎಂದಳು. ಅಂದಿನಿಂದ ಕಸದ ಬುಟ್ಟಿಯೂ ಗುಂಡಿ ಮಗುಚುವ ಸಲಿಕೆಯೂ ನನ್ನ ಪಾಲಿಗೆ ಬಂದಿವೆ. ಬಿರುದನ್ನು ಒಪ್ಪಿಕೊಳ್ಳುವವನು ಮೊದಲು ಅದರ ಕೂಲಿಯನ್ನು ತಾನೇ ಮಾಡಬೇಕು.

ಹಾಗಿದ್ದರೆ ಈ ಕಳಂಕಿತ ಪದವೇ ಏಕೆ ಬೇಕು, 'ಪರಿಸರಸ್ನೇಹಿ' ಎಂಬ ಸಭ್ಯವಾದ ಪದ ಇಲ್ಲವೇ ಎಂದು ಕೇಳಬಹುದು. ಇದೆ; ಆದರೆ ಅದನ್ನು ಮಾರುಕಟ್ಟೆ ಎಂದೋ ಕೊಂಡುಕೊಂಡಿದೆ. ಇಂದು ಹಸಿರು ಎಂಬುದು ಒಂದು ಸರಕು. ಬಿದಿರಿನ ಹಲ್ಲುಜ್ಜುವ ಬ್ರಶ್ಶು, ಸಾವಯವವೆಂಬ ಮುದ್ರೆ ಹೊತ್ತು ಇಮ್ಮಡಿ ಬೆಲೆಗೆ ಮಾರುವ ಅಕ್ಕಿ, ಮನೆಯಲ್ಲಿ ಹತ್ತು ಇರುವಾಗ ಹನ್ನೊಂದನೆಯದಾಗಿ ಕೊಳ್ಳುವ ಹತ್ತಿಬಟ್ಟೆಯ ಚೀಲ. 2018ರಲ್ಲಿ ಮಹಾರಾಷ್ಟ್ರವೂ 2022ರ ಜುಲೈ 1ರಿಂದ ಕೇಂದ್ರ ಸರಕಾರವೂ ಹಲವು ಬಗೆಯ ಬಿಸಾಡುವ ಪ್ಲಾಸ್ಟಿಕ್ಕನ್ನು ನಿಷೇಧಿಸಿದವು; ಬಿಸಾಡುವ ಅಭ್ಯಾಸವನ್ನು ಮಾತ್ರ ಯಾರೂ ನಿಷೇಧಿಸಲಾರರು. ಪ್ಲಾಸ್ಟಿಕ್ ಲೋಟದ ಜಾಗಕ್ಕೆ ಕಾಗದದ ಲೋಟ ಬಂತು, ಬುಟ್ಟಿ ಮೊದಲಿನಷ್ಟೇ ತುಂಬಿತು. 1967ರಲ್ಲಿ ಹೇಟ್ ಬೀದಿಯ ಮಣಿಸರದ ವ್ಯಾಪಾರಿಗಳು ಮಾಡಿದ್ದನ್ನೇ ದೊಡ್ಡ ಬಂಡವಾಳ ಇಂದು ಹಸಿರಿಗೆ ಮಾಡುತ್ತಿದೆ. ಕಡಿಮೆ ಕೊಳ್ಳು, ಇದ್ದುದನ್ನು ರಿಪೇರಿ ಮಾಡು, ನೆರೆಯವನೊಂದಿಗೆ ಹಂಚಿಕೋ, ದುಡಿಮೆಯ ಗೌರವವನ್ನು ಸಂಬಳದಿಂದ ಅಳೆಯಬೇಡ ಎಂಬ ಪ್ರತಿಸಂಸ್ಕೃತಿಯ ಮಾತುಗಳನ್ನು ಮಾತ್ರ ಯಾವ ಅಂಗಡಿಯೂ ಮಾರಲಾರದು. ಮಾರಿದರೆ ಅದರ ಬಾಗಿಲೇ ಮುಚ್ಚೀತು. ಭಿನ್ನಮತವನ್ನು ತೆಗೆದ ಸುಸ್ಥಿರ ಬದುಕು ಇನ್ನೊಂದು ಬಗೆಯ ಖರೀದಿ, ಅಷ್ಟೇ. ಯಾರೂ ನಮ್ಮನ್ನು ಹಿಪ್ಪಿಯೆಂದು ಮೂದಲಿಸುತ್ತಿಲ್ಲವೆಂದರೆ ನಮ್ಮ ಹಸಿರಿನಲ್ಲಿ ಭಿನ್ನಮತ ಉಳಿದಿಲ್ಲವೇನೋ ಎಂದು ಅನುಮಾನಪಡಬೇಕು.

ಅಮೆರಿಕದವನೊಬ್ಬ ವರ್ಷಕ್ಕೆ ಸರಾಸರಿ 14 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಟ್ಟರೆ ಭಾರತೀಯನದು ಸುಮಾರು 2 ಟನ್. ನಾವೇಕೆ ಕಡಿಮೆ ಮಾಡಬೇಕು ಎಂಬ ಮಾತೂ ಸಭೆಯಲ್ಲಿ ಬಂದಿತ್ತು. ದೇಶಗಳ ನಡುವಿನ ನ್ಯಾಯದ ಪ್ರಶ್ನೆಯಾಗಿ ಅದು ಸರಿಯಾದ ಮಾತು. ಆದರೆ ಆ 2 ಟನ್ ಒಂದು ಸರಾಸರಿ. ನಾಲ್ಕು ಕಾರಿನ ಜಾಗಕ್ಕಾಗಿ ಮಣ್ಣು ಮುಚ್ಚುವ ನಾವು, ನಮ್ಮ ಕಸವನ್ನು ಕೈಯಿಂದ ಕೆದಕಿ ಆಯುವ ದೇವನಾರ್‌ನ ಹೆಣ್ಣುಮಗಳ ಬೆನ್ನ ಹಿಂದೆ ಅಡಗಿ ಆ ಸರಾಸರಿಯ ಪುಣ್ಯವನ್ನು ಅನುಭವಿಸುತ್ತಿದ್ದೇವೆ.

ಪರರು ಕೊಟ್ಟ ಹೆಸರನ್ನು ಹೊತ್ತು ಬದುಕುವುದು ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಆ ಮಹಾಸಭೆಯ ರಾತ್ರಿ ಊಟಕ್ಕೆ ಕುಳಿತಾಗ ಮಗ, "ಅಪ್ಪಾ, ಬಿಲ್ಡಿಂಗಿನಲ್ಲಿ ನಗುತ್ತಿದ್ದಾರೆ, ಇನ್ನು ಬಿಟ್ಟುಬಿಡಿ" ಎಂದ. ಆಗಲೂ ಮಾತನಾಡಿದವಳು ಹೆಂಡತಿಯೇ: "ಕರೆದರೆ ಕರೆಯಲಿ. ನಾವು ಈ ಊರಿಗೆ ಬಂದಾಗ ಮದ್ರಾಸಿ ಅಂದರು. ಅದರಿಂದ ನಮಗೆ ಏನು ಕಡಿಮೆ ಆಯಿತು?" ಉಡುಪಿಯವನೂ ಧಾರವಾಡದವನೂ ಪಾಲಕ್ಕಾಡಿನವನೂ ಒಂದೇ ಪದದಲ್ಲಿ ಕರಗಿಹೋಗುತ್ತಿದ್ದ ಕಾಲವದು. ಆ ಪದ ತಪ್ಪೆಂದು ಎದುರು ಸಿಕ್ಕವರಿಗೆಲ್ಲ ವಿವರಿಸುತ್ತ ಕುಳಿತವರು ಸುಸ್ತಾದರು. ಅದನ್ನು ಗಣನೆಗೆ ತಾರದೆ ಹೋಟೆಲು ನಡೆಸಿದವರು, ರಾತ್ರಿಶಾಲೆ ಕಟ್ಟಿದವರು, ಸಂಘ ಬೆಳೆಸಿದವರು ಆ ಪದಕ್ಕೇ ಬೇರೆ ಅರ್ಥ ಬರುವಂತೆ ಬದುಕಿದರು. ಇತಿಹಾಸದಲ್ಲಿಯೂ ಹೀಗೆಯೇ. 1650ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶನೊಬ್ಬ 'ನಡುಗುವವರು' ಎಂದು ಹಂಗಿಸಿದ ಪಂಥ ಕ್ವೇಕರ್ ಎಂಬ ಆ ಹೆಸರಿನಿಂದಲೇ ಗುಲಾಮಗಿರಿಯ ವಿರುದ್ಧ ಹೋರಾಡಿ ಮಾನ್ಯವಾಯಿತು. 1874ರಲ್ಲಿ ಪ್ಯಾರಿಸ್ಸಿನ ವಿಮರ್ಶಕನೊಬ್ಬ ಗೇಲಿಗೆಂದು ಬಳಸಿದ 'ಇಂಪ್ರೆಷನಿಸ್ಟ್' ಎಂಬ ಪದವನ್ನು ಇಂದು ವಸ್ತುಸಂಗ್ರಹಾಲಯಗಳು ಹೆಮ್ಮೆಯಿಂದ ಗೋಡೆಯ ಮೇಲೆ ಬರೆಯುತ್ತವೆ. ಕಾಯಕವನ್ನೇ ಪೂಜೆಯೆಂದು, ಗಳಿಸಿದ್ದನ್ನು ದಾಸೋಹವೆಂದು ಬಗೆದು ಹುಟ್ಟಿನ ಕಟ್ಟಳೆಯನ್ನು ಮುರಿದ ನಮ್ಮ ಹನ್ನೆರಡನೆಯ ಶತಮಾನದ ಶರಣರ ಮಾತು ಬೇಡ. ಅವರಷ್ಟು ದೊಡ್ಡ ಪ್ರತಿಸಂಸ್ಕೃತಿ ಕನ್ನಡದಲ್ಲಿ ಮತ್ತೆ ಬಂದಿಲ್ಲ. ನಮ್ಮ ಕಾಲದಲ್ಲಿಯೇ ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಸೋಲುತ್ತೇನೆಂದು ಗೊತ್ತಿದ್ದೂ ನಿಲ್ಲುವುದನ್ನು ಲೋಕ ಹುಚ್ಚುತನವೆನ್ನುತ್ತದೆ.

ನಮ್ಮ ಗುಂಡಿಯ ಗೊಬ್ಬರ ಈಗ ಆರು ಮನೆಗಳ ಬಾಲ್ಕನಿಯ ತುಳಸಿ, ಬಸಳೆ, ಕರಿಬೇವಿಗೆ ಹೋಗುತ್ತಿದೆ. ಅಂದು ಹಿಂದಿನ ಸಾಲಿನಿಂದ ಮಾತನಾಡಿದವರ ಮನೆಯಾಕೆ ಹೋದ ತಿಂಗಳು ಮಲ್ಲಿಗೆಯ ಕುಂಡಕ್ಕೆಂದು ಎರಡು ಹಿಡಿ ಕೇಳಿ ಒಯ್ದರು. ಇದರಿಂದ ಸಭೆಯ ಮತ ಬದಲಾದೀತೆಂಬ ಭ್ರಮೆ ನನಗಿಲ್ಲ. ಗುಂಡಿ ಮುಚ್ಚಿದರೂ ಮುಚ್ಚೀತು. ಆದರೆ ಈ ಸಲ ಯಾರಾದರೂ ಹಿಪ್ಪಿಯೆಂದರೆ ನಾನು ಕುಳಿತುಕೊಳ್ಳುವುದಿಲ್ಲ. "ಹೌದು, ನಾನು ಹಿಪ್ಪಿಯೇ. ಈಗ ನೀರು ಎಲ್ಲಿಗೆ ಹೋಗಬೇಕು, ಕಸ ಯಾರ ಬಾಗಿಲಿಗೆ ಹೋಗಬೇಕು, ಅದನ್ನು ಹೇಳಿ" ಎಂದು ಕೇಳುತ್ತೇನೆ. ಹೆಸರಿನ ಜಗಳ ಅಲ್ಲಿಗೆ ಮುಗಿದರೆ, ಬಾಕಿ ಉಳಿಯುವುದು ಆ ಪ್ರಶ್ನೆಯೊಂದೇ.